ನಡುಪೇಟೆಗೆ ಮರಳಿ ಜೀವ: ಸ್ಥಳೀಯ ಆಡಳಿತ ಯಾವ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕು

ಊರಿನ ನಡುಪೇಟೆ ಸೊರಗುತ್ತಿದೆ ಎಂಬ ಮಾತು ಕೇಳಿಬಂದ ಕೂಡಲೇ ಸ್ಥಳೀಯ ಆಡಳಿತವು ಬಹುಮಟ್ಟಿಗೆ ಕೈಹಾಕುವುದು ಹೊಸ ಕಲ್ಲುಹಾಸು, ದೀಪದ ಕಂಬ ಮತ್ತು ಸ್ವಾಗತ ಕಮಾನಿನ ಕೆಲಸಕ್ಕೆ. ಇಂಥ ಕಾಮಗಾರಿಗೆ ಅಂದಾಜುಪಟ್ಟಿ ಸಿದ್ಧಪಡಿಸುವುದು ಸುಲಭ. ಆರ್ಥಿಕ ವರ್ಷದೊಳಗೆ ಲೆಕ್ಕ ಮುಗಿಸುವುದೂ ಸುಲಭ. ಆದರೆ ಅಂಗಡಿಗಳು ಬಾಗಿಲು ಹಾಕಿದ್ದು ನೆಲದ ಕಲ್ಲು ಹಳೆಯದಾಯಿತು ಎಂಬ ಕಾರಣಕ್ಕಲ್ಲ. ಹೀಗಾಗಿ ಕಲ್ಲು ಬದಲಾಯಿಸಿದ ಮಾತ್ರಕ್ಕೆ ಅವು ಮತ್ತೆ ತೆರೆಯುವುದೂ ಇಲ್ಲ.

ಈ ಲೇಖನವನ್ನು ಚುನಾಯಿತ ಸದಸ್ಯರು, ಅಧಿಕಾರಿಗಳು, ವರ್ತಕರ ಸಂಘದವರು ಮತ್ತು ತಮ್ಮ ಊರಿನ ಆಡಳಿತವನ್ನು ಪ್ರಶ್ನಿಸಬಯಸುವ ನಿವಾಸಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ನಾನು ಮುಖ್ಯವಾಗಿ ಹೇಳಬೇಕಾದದ್ದು ಇಷ್ಟು: ಸ್ಥಳೀಯ ಆಡಳಿತದ ದೊಡ್ಡ ಬಲ ಅದರ ಖಜಾನೆಯಲ್ಲಿಲ್ಲ. ಪರವಾನಗಿ ಕೊಡುವ, ತೆರಿಗೆ ನಿಗದಿಪಡಿಸುವ, ತನ್ನ ಮಳಿಗೆಗಳನ್ನು ಬಾಡಿಗೆಗೆ ಕೊಡುವ, ಸಾಮಗ್ರಿ ಖರೀದಿಸುವ, ತನ್ನ ಕಚೇರಿ ಎಲ್ಲಿರಬೇಕೆಂದು ತೀರ್ಮಾನಿಸುವ ದಿನನಿತ್ಯದ ಅಧಿಕಾರಗಳಲ್ಲಿ ಅದು ಅಡಗಿದೆ. ಈ ಅಧಿಕಾರಗಳನ್ನೆಲ್ಲ ಒಂದೇ ಗುರಿಯತ್ತ ತಿರುಗಿಸಿದಾಗ ಮಾತ್ರ ಕಲ್ಲುಹಾಸಿಗೂ ಅರ್ಥ ಬರುತ್ತದೆ.

ಮೊದಲ ಹೆಜ್ಜೆ: ನಡೆದು ನೋಡಿ, ಎಣಿಸಿ, ಬರೆದಿಡಿ

ಯಾವುದೇ ಯೋಜನೆಗೆ ಮುನ್ನ ಪೇಟೆಯ ಪ್ರತಿಯೊಂದು ಕಟ್ಟಡಕ್ಕೂ ಒಂದು ಸಾಲು ಮೀಸಲಿಟ್ಟು ದಾಖಲೆ ಸಿದ್ಧಪಡಿಸಬೇಕು. ನೆಲಮಹಡಿಯಲ್ಲಿ ಏನಿದೆ, ಮೇಲಿನ ಮಹಡಿಗಳಲ್ಲಿ ಏನಿದೆ, ಖಾಲಿಯಿದ್ದರೆ ಎಂದಿನಿಂದ, ಮಾಲೀಕರು ಯಾರು, ಅವರು ಇರುವುದೆಲ್ಲಿ, ಕೇಳುತ್ತಿರುವ ಬಾಡಿಗೆ ಎಷ್ಟು ಎಂಬ ವಿವರಗಳು ಅದರಲ್ಲಿರಲಿ. ಈ ಕೆಲಸ ಕಚೇರಿಯಲ್ಲಿ ಕುಳಿತು ತೆರಿಗೆ ವಹಿಯಿಂದ ಇಳಿಸಿಕೊಳ್ಳುವಂಥದ್ದಲ್ಲ. ಇಬ್ಬರು ಸಿಬ್ಬಂದಿ ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಡೆಯಬೇಕು. ಷಟರ್‌ನ ಕೆಳಗಿನ ಸಂದಿಯಲ್ಲಿ ತುರುಕಿಸಿಕೊಂಡ ಅಂಚೆ ಎಷ್ಟು ಹಳೆಯದು, ಬೀಗಕ್ಕೆ ತುಕ್ಕು ಹಿಡಿದಿದೆಯೇ, ಮೇಲಿನ ಕಿಟಕಿಯಲ್ಲಿ ಪರದೆಯಿದೆಯೇ ಅಥವಾ ರಟ್ಟು ಅಂಟಿಸಲಾಗಿದೆಯೇ ಎಂಬುದನ್ನು ಕಣ್ಣಾರೆ ಕಂಡು ಬರೆದುಕೊಳ್ಳಬೇಕು.

ಮೇಲಿನ ಮಹಡಿಗಳ ಬಗ್ಗೆ ಒಂದು ಮಾತನ್ನು ವಿಶೇಷವಾಗಿ ಹೇಳಬೇಕು. ಹಳೆಯ ಪೇಟೆಗಳಲ್ಲಿ ಅಂಗಡಿಯ ಮುಂಭಾಗವನ್ನು ಅಗಲಗೊಳಿಸಲು ಮಾಲೀಕರು ಎಷ್ಟೋ ಸಲ ಬೀದಿಯಿಂದ ನೇರವಾಗಿ ಮೇಲಕ್ಕೆ ಹೋಗುತ್ತಿದ್ದ ಮೆಟ್ಟಿಲನ್ನು ತೆಗೆಸಿಬಿಟ್ಟಿರುತ್ತಾರೆ. ಮೂರಡಿ ಅಗಲದ ಆ ಮೆಟ್ಟಿಲು ಹೋದೊಡನೆ ಮೇಲಿನ ಎರಡು ಮಹಡಿಗಳಿಗೆ ಅಂಗಡಿಯೊಳಗಿಂದಲ್ಲದೆ ದಾರಿಯೇ ಉಳಿಯುವುದಿಲ್ಲ. ಬಾಡಿಗೆದಾರರನ್ನು ಇರಿಸುವುದು ಸಾಧ್ಯವಾಗದೆ ಅವು ದಾಸ್ತಾನು ಕೋಣೆಗಳಾಗುತ್ತವೆ, ಕೊನೆಗೆ ಪಾರಿವಾಳಗಳ ಪಾಲಾಗುತ್ತವೆ. ಹೀಗೆ ಒಂದೊಂದೇ ಕಟ್ಟಡದಿಂದ ನಿವಾಸಿಗಳು ಹೊರಟುಹೋದರೆ ಸಂಜೆಯ ಹೊತ್ತಿಗೆ ಬೀದಿಯಲ್ಲಿ ಯಾರೂ ಇರುವುದಿಲ್ಲ. ಆದ್ದರಿಂದ ದಾಖಲೆಯಲ್ಲಿ ‘ಮೇಲಕ್ಕೆ ಪ್ರತ್ಯೇಕ ದಾರಿ ಇದೆಯೇ’ ಎಂಬ ಒಂದು ಕಲಂ ಇರಲೇಬೇಕು. ಸಣ್ಣ ಸಹಾಯಧನದಿಂದ ಮೆಟ್ಟಿಲನ್ನು ಮರಳಿ ಕಟ್ಟಿಸಬಹುದಾದ ಕಟ್ಟಡಗಳು ಯಾವುವು ಎಂಬುದು ಆಗ ತಾನಾಗಿ ಗೊತ್ತಾಗುತ್ತದೆ.

ಎರಡನೆಯ ಎಣಿಕೆ ಜನರದು. ಪೇಟೆಯಲ್ಲಿ ನಾಲ್ಕೈದು ಸ್ಥಳಗಳನ್ನು ಗೊತ್ತುಮಾಡಿ, ಪ್ರತಿ ಗಂಟೆಗೆ ಹತ್ತು ನಿಮಿಷದಂತೆ ಬೆಳಿಗ್ಗೆಯಿಂದ ರಾತ್ರಿಯವರೆಗೆ, ಕೆಲಸದ ದಿನವೊಂದರಲ್ಲಿ ಮತ್ತು ರಜೆಯ ದಿನವೊಂದರಲ್ಲಿ, ನಡೆದುಹೋಗುವವರನ್ನೂ ನಿಂತವರನ್ನೂ ಕುಳಿತವರನ್ನೂ ಬೇರೆಬೇರೆಯಾಗಿ ಎಣಿಸಬೇಕು. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ವಾಸ್ತುಶಿಲ್ಪಿ ಯಾನ್ ಗೇಲ್ 1960ರ ದಶಕದಲ್ಲಿ ಇಂಥ ಎಣಿಕೆಯನ್ನು ಆರಂಭಿಸಿದರು. ಮುಂದಿನ ದಶಕಗಳಲ್ಲಿ ಅದೇ ಎಣಿಕೆ ಮತ್ತೆ ಮತ್ತೆ ನಡೆಯಿತು. ಒಂದು ಬೆಂಚು, ಒಂದು ಚೌಕ ಜನರ ನಡವಳಿಕೆಯನ್ನು ಹೇಗೆ ಬದಲಿಸುತ್ತದೆ ಎಂಬುದನ್ನು ಆ ನಗರ ಊಹೆಯಿಂದಲ್ಲದೆ ಅಂಕಿಗಳಿಂದ ತಿಳಿದುಕೊಂಡಿತು. ಕೆಲಸ ಆರಂಭವಾಗುವ ಮುನ್ನ ಎಣಿಸದಿದ್ದರೆ, ಅದು ಫಲ ಕೊಟ್ಟಿತೇ ಎಂದು ಯಾರಾದರೂ ಮುಂದೆ ಕೇಳಿದಾಗ ಉತ್ತರಿಸಲು ಆಧಾರವೇ ಇರುವುದಿಲ್ಲ.

ಎರಡನೆಯ ಹೆಜ್ಜೆ: ಪೇಟೆ ಯಾತಕ್ಕಾಗಿ ಎಂದು ಹೊಸದಾಗಿ ಕೇಳಿಕೊಳ್ಳಿ

ಬ್ರಿಟನ್ನಿನಲ್ಲಿ ವುಲ್‌ವರ್ತ್ಸ್ ಮಳಿಗೆಗಳ ಸರಣಿ ಕುಸಿದು, 2008ರ ಡಿಸೆಂಬರ್‌ನಿಂದ 2009ರ ಜನವರಿಯೊಳಗೆ ಅದರ 800ಕ್ಕೂ ಹೆಚ್ಚು ಮಳಿಗೆಗಳು ಮುಚ್ಚಿದವು. ಒಂದು ದೊಡ್ಡ ಮಳಿಗೆಯನ್ನೇ ನೆಚ್ಚಿಕೊಂಡ ಬೀದಿಗೆ ಆ ಮಳಿಗೆ ಹೋದಾಗ ಅಕ್ಕಪಕ್ಕದ ಸಣ್ಣ ಅಂಗಡಿಗಳ ಗಿರಾಕಿಗಳೂ ಹೋಗುತ್ತಾರೆ. ಆನ್‌ಲೈನ್ ವ್ಯಾಪಾರ ಬೆಳೆದ ಮೇಲಂತೂ, ಮುಚ್ಚಿದ ಪ್ರತಿಯೊಂದು ಅಂಗಡಿಯ ಜಾಗಕ್ಕೂ ಇನ್ನೊಂದು ಅಂಗಡಿಯೇ ಬರಬೇಕೆಂದು ಕಾಯುವುದು ವ್ಯರ್ಥ. ಮನೆ, ಚಿಕಿತ್ಸಾಲಯ, ಗ್ರಂಥಾಲಯ, ಕಾಲೇಜು, ಕಾರ್ಯಾಗಾರ, ಸಣ್ಣ ಕಚೇರಿ ಇವೆಲ್ಲ ಜನರನ್ನು ದಿನದ ಬೇರೆಬೇರೆ ಹೊತ್ತಿನಲ್ಲಿ ಪೇಟೆಗೆ ಕರೆತರುತ್ತವೆ. ಹಾಗೆ ಬಂದವರೇ ಅಂಗಡಿಗಳಿಗೂ ಗಿರಾಕಿಗಳಾಗುತ್ತಾರೆ.

ಇಂಗ್ಲೆಂಡಿನ ಸ್ಟಾಕ್‌ಟನ್-ಆನ್-ಟೀಸ್ ಪಟ್ಟಣದ ಆಡಳಿತ ಈ ವಿಷಯದಲ್ಲಿ ಧೈರ್ಯದ ನಿರ್ಧಾರ ತೆಗೆದುಕೊಂಡಿತು. ಊರಿನಲ್ಲಿ ಬೇಕಾದುದಕ್ಕಿಂತ ಹೆಚ್ಚು ಮಳಿಗೆಗಳಿವೆ ಎಂಬುದನ್ನು ಅದು ಬಹಿರಂಗವಾಗಿ ಒಪ್ಪಿಕೊಂಡಿತು. 2019ರಲ್ಲಿ ಕಾಸಲ್‌ಗೇಟ್ ವಾಣಿಜ್ಯ ಸಂಕೀರ್ಣವನ್ನು ಖರೀದಿಸಿ, ಅಲ್ಲಿದ್ದ ವ್ಯಾಪಾರಿಗಳಿಗೆ ಹತ್ತಿರದ ಇನ್ನೊಂದು ಸಂಕೀರ್ಣದಲ್ಲಿ ಜಾಗ ತೋರಿಸಿ, ಕಟ್ಟಡವನ್ನು ಕೆಡವಿಸಿತು. ಮುಖ್ಯ ಬೀದಿಯನ್ನು ಟೀಸ್ ನದಿಗೆ ಜೋಡಿಸುವ ಉದ್ಯಾನಕ್ಕೆ ಆ ಜಾಗವನ್ನು ಮೀಸಲಿಟ್ಟಿತು. ಎಲ್ಲ ಊರುಗಳೂ ಹೀಗೆಯೇ ಮಾಡಬೇಕೆಂದಿಲ್ಲ. ಆದರೆ ಮಳಿಗೆಗಳ ಸಂಖ್ಯೆ ಕಡಿಮೆಯಾಗುವುದನ್ನು ಸೋಲೆಂದು ತಿಳಿಯಬೇಕಾಗಿಲ್ಲ ಎಂಬುದು ಇದರಿಂದ ಗೊತ್ತಾಗುತ್ತದೆ. ಫ್ರಾನ್ಸ್ 2018ರಲ್ಲಿ ಜಾರಿಗೆ ತಂದ ‘ಆಕ್ಸಿಯೋಂ ಕೂರ್ ದ ವಿಲ್’ ಕಾರ್ಯಕ್ರಮ 222 ಮಧ್ಯಮ ಗಾತ್ರದ ಊರುಗಳಿಗೆ ಐದು ವರ್ಷಗಳಲ್ಲಿ 500 ಕೋಟಿ ಯೂರೋಗಳನ್ನು ಗೊತ್ತುಪಡಿಸಿತು. ಅದರಲ್ಲಿ ವ್ಯಾಪಾರದಷ್ಟೇ ಒತ್ತು ಹಳೆಯ ಮನೆಗಳ ದುರಸ್ತಿಗೂ ದೊರೆಯಿತು.

ಇಲ್ಲಿ ಆಡಳಿತ ತನ್ನನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ನಮ್ಮ ಕಚೇರಿ ಎಲ್ಲಿದೆ? ನಡುಪೇಟೆಯಲ್ಲಿದ್ದ ಕಚೇರಿಯನ್ನು ಹೊರವರ್ತುಲದ ವಿಶಾಲ ಜಾಗಕ್ಕೆ ಸಾಗಿಸಿದ ದಿನವೇ ನೂರಾರು ನೌಕರರು ಮತ್ತು ದಿನವೂ ಅರ್ಜಿ ಹಿಡಿದು ಬರುವವರೆಲ್ಲ ಪೇಟೆಗೆ ಎರವಾಗುತ್ತಾರೆ. ಯಾವ ಸಹಾಯಧನವೂ ಆ ನಷ್ಟವನ್ನು ತುಂಬಿಕೊಡಲಾರದು. ಕಚೇರಿ, ಗ್ರಂಥಾಲಯ ಮತ್ತು ಜನ ನಿತ್ಯ ಬರಬೇಕಾದ ಸೇವಾ ಕೇಂದ್ರಗಳನ್ನು ನಡುವೆಯೇ ಉಳಿಸಿಕೊಳ್ಳುವುದಕ್ಕೆ ಹೊಸ ಕಾನೂನೂ ಬೇಡ, ಹೊಸ ಯೋಜನೆಯೂ ಬೇಡ.

ಮೂರನೆಯ ಹೆಜ್ಜೆ: ಹೊಣೆ ಹೊರುವ ಕೂಟವನ್ನು ಕಟ್ಟಿ

ಸಭೆ ಕರೆದು ಅಭಿಪ್ರಾಯ ಕೇಳಿ ಕಳುಹಿಸಿದರೆ ಸಾಲದು. ಹಣ ಮತ್ತು ತೀರ್ಮಾನ ಎರಡರಲ್ಲೂ ಪಾಲಿರುವ ಕೂಟ ಬೇಕು. ಕೆನಡಾದ ಟೊರಾಂಟೊ ನಗರದ ಬ್ಲೂರ್ ವೆಸ್ಟ್ ವಿಲೇಜ್‌ನ ವರ್ತಕರು ಹೊಸ ಮಾಲ್‌ಗಳ ಪೈಪೋಟಿಯಿಂದ ಕಂಗೆಟ್ಟಿದ್ದಾಗ, 1970ರಲ್ಲಿ ಜಗತ್ತಿನ ಮೊದಲ ವ್ಯಾಪಾರ ಸುಧಾರಣಾ ವಲಯ ಅಲ್ಲಿ ರೂಪುಗೊಂಡಿತು. ವಲಯದೊಳಗಿನ ಎಲ್ಲ ವ್ಯಾಪಾರಿಗಳ ಮೇಲೂ ಒಂದು ಶುಲ್ಕ ವಿಧಿಸಿ, ಸ್ಥಳೀಯ ಆಡಳಿತವೇ ಅದನ್ನು ವಸೂಲು ಮಾಡಿ, ವರ್ತಕರ ಮಂಡಳಿಗೆ ಒಪ್ಪಿಸುವುದು ಅದರ ಕ್ರಮ. ಸ್ವಯಂಪ್ರೇರಿತ ಚಂದಾದಲ್ಲಿ ಕೆಲವರೇ ಕೊಟ್ಟು ಎಲ್ಲರೂ ಲಾಭ ಪಡೆಯುವ ತೊಡಕನ್ನು ಇದು ಬಗೆಹರಿಸಿತು. ಇಂಗ್ಲೆಂಡಿನಲ್ಲಿ 2003ರ ಕಾಯ್ದೆಯಿಂದ ಬಂದ ಇಂಥದೇ ವ್ಯವಸ್ಥೆಗೆ ಮತದಾನ ಕಡ್ಡಾಯ: ಮತಗಳ ಸಂಖ್ಯೆಯಲ್ಲೂ ಆಸ್ತಿಯ ತೆರಿಗೆ ಮೌಲ್ಯದಲ್ಲೂ ಬಹುಮತ ಬರಬೇಕು, ಮತ್ತು ಐದು ವರ್ಷಕ್ಕೊಮ್ಮೆ ಮತ್ತೆ ಮತದ ಪರೀಕ್ಷೆಗೆ ನಿಲ್ಲಬೇಕು. ಈ ಇಬ್ಬಗೆಯ ಬಹುಮತ ನನಗೆ ಬಹಳ ನ್ಯಾಯವಾಗಿ ಕಾಣುತ್ತದೆ, ಏಕೆಂದರೆ ದೊಡ್ಡವರು ಹಣದ ಬಲದಿಂದ ಸಣ್ಣವರ ಮೇಲೆ ಅಥವಾ ಸಣ್ಣವರು ಸಂಖ್ಯೆಯ ಬಲದಿಂದ ದೊಡ್ಡವರ ಮೇಲೆ ಹೊರೆ ಹೇರಲು ಅದು ಅವಕಾಶ ಕೊಡುವುದಿಲ್ಲ.

ಬೀದಿಬದಿ ವ್ಯಾಪಾರಿಗಳನ್ನು ಈ ಕೂಟದ ಹೊರಗಿಟ್ಟು ಮಾಡಿದ ಪುನಶ್ಚೇತನ ಅವರನ್ನು ಎತ್ತಂಗಡಿ ಮಾಡುವುದರಲ್ಲೇ ಮುಗಿಯುವ ಅಪಾಯವಿದೆ. ಭಾರತದ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯು ಪಟ್ಟಣ ಮಾರಾಟ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಸ್ಥಾನಗಳನ್ನು ವ್ಯಾಪಾರಿಗಳೇ ಆರಿಸಿದ ಪ್ರತಿನಿಧಿಗಳಿಗೆ ಕೊಟ್ಟಿದೆ, ಅದರಲ್ಲಿ ಮೂರನೇ ಒಂದು ಭಾಗ ಮಹಿಳೆಯರದ್ದಾಗಿರಬೇಕೆಂದೂ ಹೇಳಿದೆ. ಇಂಥ ಕಾನೂನು ಇಲ್ಲದ ಕಡೆಯೂ ಈ ಪ್ರಮಾಣವನ್ನು ಮಾದರಿಯಾಗಿ ಇಟ್ಟುಕೊಳ್ಳಬಹುದು.

ಕೂಟಕ್ಕೆ ಪೂರ್ಣಾವಧಿಯ ಒಬ್ಬ ನಿರ್ವಾಹಕರು ಬೇಕೇ ಬೇಕು. ಅಮೆರಿಕದ ಪಾರಂಪರಿಕ ಕಟ್ಟಡಗಳ ಸಂರಕ್ಷಣಾ ಸಂಸ್ಥೆಯೊಂದು 1977ರಲ್ಲಿ ಗೇಲ್ಸ್‌ಬರ್ಗ್, ಮ್ಯಾಡಿಸನ್ ಮತ್ತು ಹಾಟ್ ಸ್ಪ್ರಿಂಗ್ಸ್ ಎಂಬ ಮೂರು ಸಣ್ಣ ಊರುಗಳಲ್ಲಿ ಮುಖ್ಯ ಬೀದಿಗಳ ಪುನಶ್ಚೇತನದ ಪ್ರಯೋಗ ಆರಂಭಿಸಿದಾಗ ಪ್ರತಿ ಊರಿಗೂ ಒಬ್ಬ ನಿರ್ವಾಹಕರನ್ನು ನೇಮಿಸಿತು. ಬೇರೆ ಹತ್ತು ಕೆಲಸಗಳ ನಡುವೆ ಪೇಟೆಯನ್ನೂ ನೋಡಿಕೊಳ್ಳಿ ಎಂದು ಯಾವುದೋ ಅಧಿಕಾರಿಗೆ ಹೊರಿಸಿದರೆ ಪೇಟೆ ಹತ್ತನೆಯ ಕೆಲಸವಾಗಿಯೇ ಉಳಿಯುತ್ತದೆ.

ನಾಲ್ಕನೆಯ ಹೆಜ್ಜೆ: ಖಾಲಿ ಮಳಿಗೆಯ ಬಾಗಿಲು ತೆಗೆಸಿ

ಇದು ಎಲ್ಲಕ್ಕಿಂತ ಕಷ್ಟದ ಕೆಲಸ, ಹಾಗಾಗಿಯೇ ಹೆಚ್ಚು ಆಡಳಿತಗಳು ಇದನ್ನು ಬಿಟ್ಟು ಮುಂದೆ ಹೋಗುತ್ತವೆ. ಮಳಿಗೆ ಖಾಲಿ ಬಿದ್ದಿರುವುದಕ್ಕೆ ಬಾಡಿಗೆದಾರರು ಸಿಗದಿರುವುದೊಂದೇ ಕಾರಣವಲ್ಲ. ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯವಿರಬಹುದು. ಮಾಲೀಕರು ದೂರದ ಹೂಡಿಕೆ ಕಂಪನಿಯಾಗಿದ್ದರೆ, ಬಾಡಿಗೆ ಇಳಿಸಿದರೆ ಲೆಕ್ಕಪತ್ರದಲ್ಲಿ ತೋರಿಸಿದ ಆಸ್ತಿಯ ಮೌಲ್ಯವೂ ಇಳಿದು, ಅದರ ಮೇಲೆ ತೆಗೆದ ಸಾಲಕ್ಕೆ ತೊಂದರೆಯಾಗುತ್ತದೆಂದು ಖಾಲಿಯೇ ಇಟ್ಟುಕೊಂಡಿರಬಹುದು. ಕಾರಣ ಯಾವುದೆಂದು ತಿಳಿಯದೆ ಔಷಧಿ ಕೊಡಲಾಗದು. ಆದ್ದರಿಂದ ಮೊದಲು ಪ್ರತಿಯೊಬ್ಬ ಮಾಲೀಕರನ್ನೂ ಕಂಡು, ಕುಳಿತು ಮಾತನಾಡಿ.

ಮಾತಿನಿಂದ ದಾರಿ ತೆರೆದರೆ ತಾತ್ಕಾಲಿಕ ಬಳಕೆ ಒಳ್ಳೆಯ ಆರಂಭ. ಆಸ್ಟ್ರೇಲಿಯಾದ ನ್ಯೂಕ್ಯಾಸಲ್‌ನಲ್ಲಿ ಮಾರ್ಕಸ್ ವೆಸ್ಟ್‌ಬರಿ 2008ರಲ್ಲಿ ಆರಂಭಿಸಿದ ‘ರಿನ್ಯೂ ನ್ಯೂಕ್ಯಾಸಲ್’ ಸಂಸ್ಥೆ ಮಾಲೀಕರಿಗೆ ಗುತ್ತಿಗೆಯ ಭಯವೇ ಇಲ್ಲದಂತೆ ಮಾಡಿತು. ಅದು ಪಡೆಯುತ್ತಿದ್ದುದು 30 ದಿನಗಳ, ಮತ್ತೆ ಮತ್ತೆ ಮುಂದುವರಿಯುವ ಬಳಕೆಯ ಅನುಮತಿಯನ್ನು ಮಾತ್ರ. ನಿಜವಾದ ಬಾಡಿಗೆದಾರರು ಬಂದರೆ ಜಾಗ ಬಿಟ್ಟುಕೊಡಬೇಕು ಎಂಬುದು ಷರತ್ತು. ಕಲಾವಿದರು, ಕುಶಲಕರ್ಮಿಗಳು, ಹೊಸ ವ್ಯಾಪಾರಿಗಳು ಆ ಮಳಿಗೆಗಳನ್ನು ಗುಡಿಸಿ, ಬಣ್ಣ ಬಳಿದು, ದೀಪ ಹಚ್ಚಿದರು. ದೀಪವಿರುವ ಮಳಿಗೆಯ ಪಕ್ಕದ ಮಳಿಗೆಗೆ ಬಾಡಿಗೆದಾರರು ಬೇಗ ಸಿಗುತ್ತಾರೆ. ಸ್ಥಳೀಯ ಆಡಳಿತ ಇಲ್ಲಿ ಮಾಡಬೇಕಾದದ್ದು ಇಂಥ ಅನುಮತಿ ಪತ್ರದ ಒಂದು ಮಾದರಿ ನಮೂನೆಯನ್ನು ವಕೀಲರಿಂದ ಬರೆಸಿಡುವುದು ಮತ್ತು ವಿಮೆಯ ಹೊಣೆಯನ್ನು ತಾನು ಹೊರುವುದು. ಮಾಲೀಕರು ಹೆಚ್ಚಾಗಿ ಹಿಂಜರಿಯುವುದು ಈ ಎರಡು ವಿಷಯಗಳಿಗೇ.

ಮಾತಿಗೆ ಬಗ್ಗದವರಿಗಾಗಿ ಕಾನೂನಿನ ಅಧಿಕಾರಗಳಿವೆ, ಮತ್ತು ಅವನ್ನು ಮೆದುವಾದುದರಿಂದ ಕಠಿಣವಾದುದರ ಕಡೆಗೆ ಒಂದೊಂದಾಗಿ ಬಳಸಬೇಕು. ಇಂಗ್ಲೆಂಡಿನ ಕ್ರಮ ಇದಕ್ಕೆ ಒಳ್ಳೆಯ ಉದಾಹರಣೆ. 1990ರ ನಗರ ಮತ್ತು ಗ್ರಾಮ ಯೋಜನಾ ಕಾಯ್ದೆಯ 215ನೇ ಕಲಂ ಪ್ರಕಾರ, ನೆರೆಹೊರೆಯ ಅಂದಗೆಡಿಸುವಂತೆ ಹಾಳುಬಿದ್ದ ಕಟ್ಟಡವನ್ನು ಸರಿಪಡಿಸಲು ನೋಟಿಸ್ ಕೊಡಬಹುದು. 2024ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಹೊಸ ಅಧಿಕಾರದಂತೆ, ಎರಡು ವರ್ಷಗಳಲ್ಲಿ ಒಟ್ಟು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಖಾಲಿಯಿದ್ದ ಮಳಿಗೆಯ ಬಾಡಿಗೆ ಹಕ್ಕನ್ನು ಆಡಳಿತವೇ ಹರಾಜು ಹಾಕಿ, ಒಂದರಿಂದ ಐದು ವರ್ಷದ ಗುತ್ತಿಗೆಗೆ ಕೊಡಿಸಬಹುದು. ಕಡ್ಡಾಯ ಸ್ವಾಧೀನ ಕೊನೆಯ ಅಸ್ತ್ರ. ಅದು ದುಬಾರಿ, ನಿಧಾನ, ಮತ್ತು ಮಾಲೀಕರ ಬಾಳಿನ ಮೇಲೆ ಪರಿಣಾಮ ಬೀರುವಂಥದ್ದು. ಆದರೂ ಆ ಅಧಿಕಾರವನ್ನು ಬಳಸಲು ಆಡಳಿತ ಸಿದ್ಧವಿದೆ ಎಂಬುದು ಗೊತ್ತಾದರೆ ಮಾತುಕತೆಗೆ ಬಾರದವರೂ ಬರುತ್ತಾರೆ.

ಐದನೆಯ ಹೆಜ್ಜೆ: ಹೊಸ ವ್ಯಾಪಾರಿಯ ದಾರಿಯನ್ನು ಹಗುರಗೊಳಿಸಿ

ಒಬ್ಬ ಅಧಿಕಾರಿ ತಾನೇ ಹೊಸ ಅಂಗಡಿ ತೆರೆಯುವವರಂತೆ ಅರ್ಜಿಗಳನ್ನೆಲ್ಲ ತುಂಬಿ ನೋಡಲಿ. ಉದ್ದಿಮೆ ಪರವಾನಗಿ, ಕಟ್ಟಡ ಬಳಕೆಯ ಬದಲಾವಣೆ, ಫಲಕದ ಅನುಮತಿ, ಅಗ್ನಿಶಾಮಕ, ನೀರಿನ ಸಂಪರ್ಕ ಎಂದು ಎಷ್ಟು ಮೇಜುಗಳಿಗೆ ಅಲೆಯಬೇಕು, ಒಂದೇ ದಾಖಲೆಯನ್ನು ಎಷ್ಟು ಸಲ ಕೊಡಬೇಕು, ಒಟ್ಟು ಎಷ್ಟು ದಿನ ಹಿಡಿಯುತ್ತದೆ ಎಂಬುದನ್ನು ದಿನಾಂಕ ಸಹಿತ ಬರೆದುಕೊಳ್ಳಲಿ. ಅನುಮತಿಗಾಗಿ ಕಾಯುವ ಪ್ರತಿ ತಿಂಗಳೂ ಆ ವ್ಯಾಪಾರಿ ಮುಚ್ಚಿದ ಅಂಗಡಿಗೆ ಬಾಡಿಗೆ ಕಟ್ಟುತ್ತಿರುತ್ತಾರೆ. ಎಷ್ಟೋ ಮಂದಿಯ ಬಂಡವಾಳ ಮೊದಲ ಗಿರಾಕಿ ಬರುವ ಮೊದಲೇ ಕರಗಿಹೋಗುತ್ತದೆ. ಒಂದೇ ಅರ್ಜಿ, ಒಂದೇ ಕಿಟಕಿ, ಗೊತ್ತುಮಾಡಿದ ಅವಧಿ ಎಂಬ ಮೂರು ಸುಧಾರಣೆಗಳಿಗೆ ತಗಲುವ ವೆಚ್ಚ ತೀರಾ ಅಲ್ಪ. ಆಡಳಿತದ ಅಧೀನದಲ್ಲಿರುವ ಮಾರುಕಟ್ಟೆ ಕಟ್ಟಡವನ್ನು ಹೊಸಬರ ಸಸಿಮಡಿಯಂತೆ ಬಳಸುವುದೂ ಒಳ್ಳೆಯದು: ಮೊದಲ ಕೆಲವು ತಿಂಗಳು ಕಡಿಮೆ ಬಾಡಿಗೆ, ಆಮೇಲೆ ಹಂತಹಂತವಾಗಿ ಏರಿಕೆ, ಗಟ್ಟಿಯಾದವರಿಗೆ ಬೀದಿಯ ಮಳಿಗೆಗೆ ಹೋಗಲು ನೆರವು.

ಆರನೆಯ ಹೆಜ್ಜೆ: ಖರೀದಿಯ ಹಣ ಊರಿನಲ್ಲೇ ತಿರುಗಲಿ

ಇಂಗ್ಲೆಂಡಿನ ಪ್ರೆಸ್ಟನ್ ನಗರ ದೊಡ್ಡ ಹೂಡಿಕೆದಾರರೊಬ್ಬರ ಬರವಿಗಾಗಿ ವರ್ಷಗಟ್ಟಲೆ ಕಾದಿತ್ತು. ಸುಮಾರು 70 ಕೋಟಿ ಪೌಂಡುಗಳ ವಾಣಿಜ್ಯ ಸಂಕೀರ್ಣದ ಆ ಯೋಜನೆ 2011ರಲ್ಲಿ ಬಿದ್ದುಹೋಯಿತು. ಆಗ ಆಡಳಿತ ತನ್ನ ಊರಿನಲ್ಲಿ ಆಗಲೇ ಇರುವ ಹಣದತ್ತ ನೋಡಿತು. ನಗರಾಡಳಿತ, ಜಿಲ್ಲಾಡಳಿತ, ಪೊಲೀಸ್, ಕಾಲೇಜು ಮೊದಲಾದ ಆರು ಸಾರ್ವಜನಿಕ ಸಂಸ್ಥೆಗಳು ಸಾಮಗ್ರಿ ಮತ್ತು ಸೇವೆಗಳಿಗಾಗಿ ಮಾಡುವ ಖರ್ಚಿನ ಬಹುಪಾಲು ಹೊರಗೆ ಹರಿದುಹೋಗುತ್ತಿತ್ತು. ಟೆಂಡರ್‌ಗಳನ್ನು ಸಣ್ಣ ಭಾಗಗಳಾಗಿ ಒಡೆದು, ಸ್ಥಳೀಯ ಉದ್ದಿಮೆಗಳಿಗೆ ಮೊದಲೇ ತಿಳಿಸಿ, ಅರ್ಜಿ ಹಾಕುವುದನ್ನು ಕಲಿಸಿದ ಬಳಿಕ, 2012-13ರಲ್ಲಿ 3.8 ಕೋಟಿ ಪೌಂಡ್‌ಗಳಿದ್ದ ಪ್ರೆಸ್ಟನ್ನಿನೊಳಗಿನ ಖರೀದಿ 2016-17ರ ಹೊತ್ತಿಗೆ 11.1 ಕೋಟಿ ಪೌಂಡ್‌ಗಳಿಗೆ ಏರಿತು. ಟೆಂಡರನ್ನು ಒಡೆಯುವಾಗ ನಿಯಮ ತಪ್ಪಿಸಲು ಒಡೆದಂತಾಗಬಾರದು. ಪೈಪೋಟಿ ಮುಕ್ತವಾಗಿರಬೇಕು, ಕಾರಣ ಕಡತದಲ್ಲಿ ದಾಖಲಾಗಬೇಕು. ಆದರೆ ಒಂದು ಸಣ್ಣ ಉದ್ದಿಮೆ ಅರ್ಜಿಯನ್ನೇ ಹಾಕಲಾರದಷ್ಟು ದೊಡ್ಡ ಠೇವಣಿಯನ್ನು ಕೇಳುವುದೂ ಮುಕ್ತ ಪೈಪೋಟಿಯಲ್ಲ.

ಏಳನೆಯ ಹೆಜ್ಜೆ: ಈಗ ಬೀದಿಯ ಕೆಲಸ

ಇಷ್ಟಾದ ಮೇಲೆ ಕಲ್ಲುಹಾಸಿನ ಸರದಿ. ಶಾಶ್ವತ ಕಾಮಗಾರಿಗೆ ಮುನ್ನ ತಾತ್ಕಾಲಿಕವಾಗಿ ಮಾಡಿ ನೋಡುವುದು ಅಗತ್ಯ. ಕೋಪನ್‌ಹೇಗನ್‌ನ ಸ್ಟ್ರೋಯೆಟ್ ಬೀದಿಯನ್ನು 1962ರಲ್ಲಿ ವಾಹನಗಳಿಂದ ಮುಕ್ತಗೊಳಿಸಿದ್ದು ಪ್ರಯೋಗವಾಗಿ. ವ್ಯಾಪಾರ ಬಿದ್ದುಹೋಗುತ್ತದೆಂದು ಅಂಗಡಿಯವರು ವಿರೋಧಿಸಿದ್ದರು, ಆದರೆ ಜನ ಹೆಚ್ಚಾದದ್ದನ್ನು ಕಂಡ ಮೇಲೆ ಅದು ಕಾಯಂ ಆಯಿತು. ಬ್ರೆಜಿಲಿನ ಕುರಿಟಿಬಾದಲ್ಲಿ ಮೇಯರ್ ಜೈಮೆ ಲೆರ್ನರ್ 1972ರಲ್ಲಿ ಮುಖ್ಯ ವಾಣಿಜ್ಯ ಬೀದಿಯನ್ನು ವಾರಾಂತ್ಯದ 72 ಗಂಟೆಗಳಲ್ಲಿ ಪಾದಚಾರಿ ಬೀದಿಯಾಗಿ ಬದಲಿಸಿದರು. ಕಾರಿನವರು ಪ್ರತಿಭಟನೆಯಾಗಿ ನುಗ್ಗಲು ಬಂದಾಗ, ಬೀದಿಯುದ್ದಕ್ಕೂ ಹಾಸಿದ ಕಾಗದದ ಮೇಲೆ ಮಕ್ಕಳು ಕುಳಿತು ಚಿತ್ರ ಬಿಡಿಸುತ್ತಿದ್ದರು. ನಾನು ಆ ಆತುರವನ್ನು ಎಲ್ಲರಿಗೂ ಸೂಚಿಸಲಾರೆ. ಬಣ್ಣದ ಗೆರೆ, ಎತ್ತಿಡಬಹುದಾದ ಹೂಕುಂಡ ಮತ್ತು ಬೆಂಚುಗಳಿಂದ ಕೆಲವು ತಿಂಗಳ ಪ್ರಯೋಗ ನಡೆಸಿ, ಎಣಿಕೆಯ ಅಂಕಿಗಳನ್ನು ವರ್ತಕರ ಮುಂದಿಡುವುದು ಹೆಚ್ಚು ಊರುಗಳಿಗೆ ಹೊಂದುತ್ತದೆ. ಸರಕು ಇಳಿಸುವ ಹೊತ್ತು, ಅಂಗವಿಕಲರ ವಾಹನ, ಅಗ್ನಿಶಾಮಕದ ದಾರಿ, ಬಸ್ ನಿಲ್ದಾಣದ ಅಂತರ ಇವು ಮೊದಲ ದಿನವೇ ಖಚಿತವಾಗಿರಬೇಕು.

ಅಗೆತದ ಕೆಲಸ ಅಂಗಡಿಗಳ ಪಾಲಿಗೆ ಅಪಾಯದ ಕಾಲ. ಇಡೀ ಬೀದಿಯನ್ನು ಒಟ್ಟಿಗೆ ಅಗೆದು, ಒಳಚರಂಡಿಯವರು ಮುಗಿಸಿದ ಮೇಲೆ ವಿದ್ಯುತ್ತಿನವರು ಮತ್ತೆ ಅಗೆದರೆ, ಸೊರಗಿದ್ದ ಅಂಗಡಿಗಳು ಆ ಧೂಳಿನಲ್ಲೇ ಮುಚ್ಚಿಹೋಗುತ್ತವೆ. ತುಂಡುತುಂಡಾಗಿ ಕೆಲಸ ನಡೆಯಲಿ, ಎಲ್ಲ ಇಲಾಖೆಗಳ ಅಗೆತವೂ ಒಂದೇ ಸಲ ಆಗಲಿ, ಅತಿ ಹೆಚ್ಚು ವ್ಯಾಪಾರ ನಡೆಯುವ ತಿಂಗಳಲ್ಲಿ ಹಾರೆ ನೆಲಕ್ಕೆ ತಾಗದಿರಲಿ, ಪ್ರತಿ ಅಂಗಡಿಯ ಹೊಸ್ತಿಲಿಗೂ ಗಟ್ಟಿಯಾದ ಹಲಗೆಯ ದಾರಿ ಇರಲಿ ಎಂಬ ಷರತ್ತುಗಳನ್ನು ಗುತ್ತಿಗೆ ಕರಾರಿನಲ್ಲೇ ಬರೆಯಬೇಕು.

ಇದೇ ವೇಳೆ ಊರ ಹೊರಗಿನ ಅನುಮತಿಗಳ ಮೇಲೂ ಕಣ್ಣಿರಬೇಕು. ಹೆದ್ದಾರಿ ಬದಿಯಲ್ಲಿ ದೊಡ್ಡ ಮಳಿಗೆಗೆ ಅನುಮತಿ ಕೇಳುವವರು, ನಡುಪೇಟೆಯಲ್ಲಾಗಲಿ ಅದರ ಅಂಚಿನಲ್ಲಾಗಲಿ ಸೂಕ್ತ ಜಾಗವಿಲ್ಲವೆಂದು ಮೊದಲು ತೋರಿಸಬೇಕೆಂಬ ನಿಯಮ ಇಂಗ್ಲೆಂಡಿನ ಯೋಜನಾ ನೀತಿಯಲ್ಲಿದೆ. ಒಂದು ಕೈಯಿಂದ ನಡುಪೇಟೆಗೆ ಅನುದಾನ ಕೊಟ್ಟು, ಇನ್ನೊಂದು ಕೈಯಿಂದ ಅದರ ಗಿರಾಕಿಗಳನ್ನು ಹೊರಗೆ ಕಳುಹಿಸುವ ಅನುಮತಿಗೆ ಸಹಿ ಹಾಕುವುದು ಸಲ್ಲದು.

ಹಣದ ಮಿತಿ ಮತ್ತು ಮುಂದಿನ ನಿಗಾ

ಸಾಲದ ಬಗ್ಗೆ ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಇಂಗ್ಲೆಂಡಿನ ವೋಕಿಂಗ್ ನಗರಾಡಳಿತ ನಡುಪೇಟೆಯಲ್ಲಿ ಗೋಪುರ ಕಟ್ಟಡಗಳು, ಮಳಿಗೆಗಳು ಮತ್ತು ಹೋಟೆಲು ಸೇರಿದ ಭಾರಿ ಯೋಜನೆಗೆ ಸಾಲ ತಂದು ಹೂಡಿತು. 2023ರ ಜೂನ್‌ನಲ್ಲಿ ಅದು ತನ್ನ ಲೆಕ್ಕ ಸರಿದೂಗಿಸಲಾರೆನೆಂದು ಅಧಿಕೃತ ನೋಟಿಸ್ ಹೊರಡಿಸಿದಾಗ, ವರ್ಷಕ್ಕೆ ಸುಮಾರು 1.6 ಕೋಟಿ ಪೌಂಡುಗಳ ಮೂಲ ಆದಾಯವಿದ್ದ ಆ ಆಡಳಿತದ ಅಂದಾಜು ಕೊರತೆ 120 ಕೋಟಿ ಪೌಂಡುಗಳಾಗಿತ್ತು. ಅದರ ಹೊರೆ ಬಿದ್ದದ್ದು ನಿವಾಸಿಗಳ ದಿನನಿತ್ಯದ ಸೇವೆಗಳ ಮೇಲೆ. ಆಸ್ತಿ ಖರೀದಿಗೆ ಮುನ್ನ ಸ್ವತಂತ್ರ ಮೌಲ್ಯಮಾಪನ ಮಾಡಿಸಿ. ಅರ್ಧದಷ್ಟು ಮಳಿಗೆಗಳು ಖಾಲಿ ಉಳಿದರೂ ಸಾಲದ ಕಂತು ಕಟ್ಟಬಹುದೇ ಎಂಬ ಲೆಕ್ಕವನ್ನು ಸಾಮಾನ್ಯ ಸಭೆಯ ಮುಂದಿಟ್ಟು, ಅದರ ಉತ್ತರ ‘ಆಗದು’ ಎಂದಾದರೆ ಖರೀದಿಯನ್ನು ಕೈಬಿಡಿ.

ಪ್ರತಿ ಕಾಮಗಾರಿಯ ಅಂದಾಜಿನಲ್ಲಿ ನಿರ್ವಹಣೆಗೆ ಪ್ರತ್ಯೇಕ ಬಾಬತ್ತು ಇರಬೇಕು: ಕಿತ್ತುಹೋದ ಕಲ್ಲನ್ನು ಎಷ್ಟು ದಿನದೊಳಗೆ ಯಾರು ಕೂರಿಸುತ್ತಾರೆ, ಗಿಡಕ್ಕೆ ಬೇಸಿಗೆಯಲ್ಲಿ ನೀರು ಹಾಕುವವರು ಯಾರು, ಸಾರ್ವಜನಿಕ ಶೌಚಾಲಯ ರಾತ್ರಿ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ಎಂಬುದು ಹೆಸರು ಮತ್ತು ಹುದ್ದೆಯ ಸಹಿತ ಅಲ್ಲಿ ದಾಖಲಾಗಲಿ. ವರ್ಷಕ್ಕೊಮ್ಮೆ, ಅದೇ ತಿಂಗಳಲ್ಲಿ, ಅದೇ ನಾಲ್ಕೈದು ಸ್ಥಳಗಳಲ್ಲಿ ನಿಂತು ಮೊದಲಿನ ಕ್ರಮದಲ್ಲೇ ಮತ್ತೆ ಎಣಿಸಿ. ಖಾಲಿ ಮಳಿಗೆಗಳ ದಾಖಲೆಯನ್ನೂ ಮತ್ತೆ ನಡೆದೇ ತಿದ್ದಿ. ಎರಡು ವರ್ಷದ ಅಂಕಿಗಳನ್ನು ಅಕ್ಕಪಕ್ಕ ಮುದ್ರಿಸಿ, ಇಳಿಕೆಯಾದ ಸ್ಥಳಗಳನ್ನೂ ಮರೆಮಾಚದೆ, ಪೇಟೆಯಲ್ಲೇ ಎಲ್ಲರ ಕಣ್ಣಿಗೆ ಬೀಳುವ ಗೋಡೆಯ ಮೇಲೆ ಹಾಕಿ, ಮುಂದಿನ ವರ್ಷದ ಆಯವ್ಯಯದ ಚರ್ಚೆಯನ್ನು ಆ ಹಾಳೆಯಿಂದಲೇ ಆರಂಭಿಸಿ.